ಹುಲ್ಲಿನ ಮೇಲೆ ಒಂದು ದೂರು

ನಾನು ಹಾಕಿದ್ದು ಹುಲ್ಲಿನ ಫೋಟೋ. ನೋಡಿದವರಲ್ಲಿ ಒಬ್ಬರಿಗಾದರೂ ಅದು ಬರೀ ಹುಲ್ಲು ಅನಿಸಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಬನಶಂಕರಿ ಮೂರನೇ ಸ್ಟೇಜಿನಲ್ಲಿ, ಕತ್ರಿಗುಪ್ಪೆ ಕಡೆಗೆ ತಿರುಗುವ ನಮ್ಮ ಕ್ರಾಸಿನಲ್ಲಿ, ನಮ್ಮ ಮನೆಯ ನೇರ ಎದುರಿಗೆ ಒಂದು ಖಾಲಿ ಸೈಟಿದೆ. ಎರಡೂ ಪಕ್ಕ ನಾಲ್ಕಂತಸ್ತಿನ ಮನೆಗಳು ಎದ್ದಿವೆ, ನಡುವೆ ಇದೊಂದು ಹೊಲಿಗೆ ಬಿಟ್ಟ ಜಾಗದ ಹಾಗೆ. ನನ್ನ ಹೊಲಿಗೆ ಮಷೀನು ಇರುವುದು ಮನೆಯ ಮುಂದಿನ ಕೋಣೆಯಲ್ಲಿ. ಸೀರೆಗೆ ಫಾಲ್ ಹಾಕುವುದು, ಅಂಚಿಗೆ ಜಿಗ್‌ಜಾಗ್ ಹೊಡೆಯುವುದು, ಬ್ಲೌಸ್ ಹೊಲಿಯುವುದು, ಇಷ್ಟು ವರ್ಷವೂ ಇದೇ ಕೆಲಸ. ಮಷೀನಿನಿಂದ ತಲೆಯೆತ್ತಿದರೆ ಆ ಸೈಟು ಕಾಣುತ್ತದೆ. ಇನ್ನೊಂದು ಕಡೆ ತಿರುಗಿದರೆ ಗೋಡೆ, ಗೋಡೆಯ ಮೇಲೆ ನಮ್ಮ ಯಜಮಾನರ ಬ್ಯಾಂಕಿನ ಕ್ಯಾಲೆಂಡರು. ಹಾಗಾಗಿ ನಾನು ಸೈಟನ್ನೇ ನೋಡುತ್ತ ಬಂದೆ.

ನೋಡುತ್ತ ನೋಡುತ್ತ ಅದು ಅಂಟಿಕೊಂಡಿತು. ಜೂನ್‌ನಲ್ಲಿ ಮೊದಲ ಮಳೆಗೆ ಹುಲ್ಲು ಮೊಳೆಯುವುದು, ಶ್ರಾವಣದ ಹೊತ್ತಿಗೆ ಮಂಡಿಯುದ್ದ ಬೆಳೆಯುವುದು, ಗಣಪತಿ ಹಬ್ಬದ ಮೇಲೆ ತೆನೆ ಒಡೆಯುವುದು. ಬೀದಿನಾಯಿ ಮಲಗಿ ಎದ್ದುಹೋದ ಜಾಗದಲ್ಲಿ ಹುಲ್ಲು ಬೋಗುಣಿಯ ಹಾಗೆ ಸುತ್ತಿಕೊಂಡಿರುತ್ತದೆ. ಬೆಳಿಗ್ಗೆ ಜೇಡರ ಬಲೆಯ ಮೇಲೆ ಇಬ್ಬನಿ ಕೂತಿರುತ್ತದೆ, ನಾನು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಆರಿಹೋಗಿರುತ್ತದೆ. ಫೋನಿನಲ್ಲಿ ಫೋಟೋ ತೆಗೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ. ಬ್ಲೌಸಿನ ಲೈನಿಂಗ್ ಬಟ್ಟೆಯ ಚೂರಿನಲ್ಲಿ ಲೆನ್ಸ್ ಒರೆಸಿ, ಫೋನನ್ನು ತಲೆಕೆಳಗು ಮಾಡಿ ನೆಲಕ್ಕೆ ತಾಗಿಸಿ ಹಿಡಿದರೆ ಹುಲ್ಲು ಮರದಷ್ಟು ಎತ್ತರ ಕಾಣುತ್ತದೆ ಅಂತ ನಾನೇ ಕಂಡುಕೊಂಡೆ.

ನನ್ನ ತವರು ಕಡೂರಿನ ಕಡೆ. ಊರಾಚೆಗೆ ಕಾವಲು. ಕಾವಲು ಅಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ದನ, ಆಕಾಶ, ಅಷ್ಟೇ. ಮನೆಗೆ ಬಂದ ನೆಂಟರು ಊರಲ್ಲಿ ನೋಡುವಂಥದ್ದು ಏನಿದೆ ಅಂತ ಕೇಳಿದರೆ, ‘ಏನೂ ಇಲ್ಲ, ಬರೀ ಕಾವಲು’ ಅನ್ನುತ್ತಿದ್ದೆವು. ನಾನೂ ಹಾಗೇ ಅಂದುಕೊಂಡೇ ಮದುವೆಯಾಗಿ ಬಂದೆ. ಈಗ ನೋಡಿದರೆ ಮೂರೂವರೆ ಗುಂಟೆಯೂ ಇಲ್ಲದ ಸೈಟಿನ ಮುಂದೆ ಮಂಡಿಯೂರಿ ಕೂತಿದ್ದೇನೆ.

ಅಕ್ಟೋಬರ್ ಕೊನೆಯ ವಾರ ಹುಲ್ಲು ಹಣ್ಣಾಯಿತು. ಹಣ್ಣಾದ ಹುಲ್ಲಿನ ಬಣ್ಣ ಹೇಳುವುದು ಕಷ್ಟ. ಜಯನಗರ ನಾಲ್ಕನೇ ಬ್ಲಾಕಿನ ದಾರದಂಗಡಿಯಲ್ಲಿ ರೀಲುಗಳನ್ನು ಸಾಲಾಗಿ ಇಟ್ಟಿರುತ್ತಾರಲ್ಲ, ಚಿನ್ನದ ಬಣ್ಣಕ್ಕೂ ಹಳೇ ಕಂಚಿಗೂ ನಡುವಿನ ಎರಡು ರೀಲು, ಅವೆರಡನ್ನೂ ಸೇರಿಸಿ ಹೊಲಿದ ಹಾಗೆ. ಸಂಜೆ ಐದರ ಮೇಲೆ ಸ್ವಲ್ಪ ಹೊತ್ತು ಬಿಸಿಲು ಹಿಂದಿನ ಎರಡು ಕಟ್ಟಡಗಳ ಸಂದಿಯಿಂದ ನುಗ್ಗುತ್ತದೆ. ಆಗ ಒಂದೊಂದು ತೆನೆಯ ಮೀಸೆಯಂಥ ಊಬೂ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಜನವರಿಯಲ್ಲಿ ಎಲ್ಲ ಉದುರಿ ಬೂದಿಬಣ್ಣಕ್ಕೆ ತಿರುಗುವವರೆಗೆ ಅದನ್ನು ದಿನಾ ನೋಡಬೇಕು, ದಿನಾ ಒಂದು ಫೋಟೋ ತೆಗೆಯಬೇಕು ಅನ್ನುವುದೊಂದೇ ನನ್ನ ಆಸೆ. ಯಾರಿಗೂ ಖರ್ಚಿಲ್ಲ, ಯಾರಿಗೂ ತೊಂದರೆಯಿಲ್ಲ.

ಅವತ್ತು ತೆಗೆದ ಫೋಟೋ ಎಷ್ಟು ಚೆನ್ನಾಗಿ ಬಂತು ಅಂದರೆ, ಒಬ್ಬಳೇ ನೋಡಿ ಸುಮ್ಮನಿರಲು ಆಗಲಿಲ್ಲ. ನಮ್ಮ ಕ್ರಾಸಿನ ನಿವಾಸಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಕೆಳಗೆ ‘ಇವತ್ತು ಸಂಜೆ ನಮ್ಮ ಎದುರು ಸೈಟು’ ಅಂತ ಬರೆದೆ.

ಮೊದಲ ಉತ್ತರ ಬಂತು: ‘ಛೀ.’

ಎರಡನೆಯದು: ‘ಹಾವು ಚೇಳು ಎಲ್ಲಾ ಇರುತ್ತೆ. ಮಕ್ಕಳು ಓಡಾಡೋ ಜಾಗ.’

ಆಮೇಲೆ ಪಕ್ಕದ ಮನೆ ಪದ್ಮಶ್ರೀ: ‘ಥ್ಯಾಂಕ್ಯೂ ಸಂಗೀತಾ! ಯಾರಾದ್ರೂ ಒಬ್ರು ಧೈರ್ಯ ಮಾಡ್ಲಿ ಅಂತ ಕಾಯ್ತಿದ್ದೆ.’

ಗಾಬರಿಯಾಯಿತು. ‘ಕಂಪ್ಲೇಂಟ್ ಅಲ್ಲ, ಚೆನ್ನಾಗಿದೆ ಅಂತ ಹಾಕ್ದೆ’ ಅಂತ ಟೈಪ್ ಮಾಡಿದೆ. ಅದಕ್ಕೆ ನಗುವ ಮುಖಗಳು ಸಾಲಾಗಿ ಬಂದವು. ಯಾರೋ ಬರೆದರು: ‘ಚೆನ್ನಾಗಿದೆಯಂತೆ! ಸರಿಯಾಗಿ ಚುಚ್ಚಿದ್ರಿ ಮೇಡಂ. ಸೈಟ್ ಓನರ್‌ಗಳಿಗೆ ಹೀಗೇ ಹೇಳ್ಬೇಕು.’

ಫೋನನ್ನು ಗುಂಡಿಗಳ ಡಬ್ಬಿಯ ಪಕ್ಕಕ್ಕೆ ಕುಕ್ಕಿದೆ. ಖಾಲಿ ಸೈಟಿನ ಫೋಟೋ ಅಂದರೆ ಅದು ದೂರೇ ಆಗಿರಬೇಕು. ಗುಂಡಿ ಬಿದ್ದ ರಸ್ತೆ, ಕಸದ ರಾಶಿ, ಕೆಟ್ಟ ಬೀದಿದೀಪ, ಖಾಲಿ ಸೈಟು, ಇವುಗಳ ಫೋಟೋವನ್ನು ಚೆಂದಕ್ಕೆ ಯಾರೂ ಹಾಕುವುದಿಲ್ಲ ಅನ್ನುವುದು ಆ ಗ್ರೂಪಿನ ನಿಯಮ. ಅದು ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

ಮಾರನೆಯ ದಿನ ನಿವಾಸಿಗಳ ಸಂಘದ ಸೆಕ್ರೆಟರಿ ಶಂಭುಲಿಂಗಪ್ಪನವರು ಬಾಗಿಲಿಗೇ ಬಂದರು. ವಿಮೆ ಆಫೀಸಿನಲ್ಲಿ ರಿಟೈರ್ ಆದ ಮೇಲೆ ನಮ್ಮ ಕ್ರಾಸನ್ನೇ ಆಫೀಸು ಮಾಡಿಕೊಂಡವರು. ಕಂಕುಳಲ್ಲಿ ಫೈಲಿಲ್ಲದೆ ಹಾಲು ತರಲೂ ಹೋಗುವುದಿಲ್ಲ.

“ಕಂಗ್ರಾಜುಲೇಷನ್ಸ್ ಸಂಗೀತಾ ಮೇಡಂ. ನಿಮ್ಮ ದೂರು ಸ್ವೀಕಾರ ಆಗಿದೆ.”

“ಸಾರ್, ನಾನು ದೂರು ಕೊಟ್ಟಿಲ್ಲ.”

“ಫೋಟೋ ಸಮೇತ ಕೊಟ್ಟಿದ್ದೀರಿ. ಯಾರೂ ದೂರು ಕೊಡದೆ ಖಾಸಗಿ ಸೈಟಿಗೆ ಸಂಘ ಕೈ ಹಾಕೋ ಹಾಗಿಲ್ಲ ಅಂತ ನಮ್ಮ ಬೈಲಾದಲ್ಲೇ ಇದೆ. ಇಷ್ಟು ವರ್ಷ ಒಬ್ರೂ ಬಾಯಿ ಬಿಡ್ಲಿಲ್ಲ. ಭಾನುವಾರ ಜೆಸಿಬಿ ಬರುತ್ತೆ. ಮಟ್ಟ ಮಾಡಿಸಿ ಅಲ್ಲೇ ರಾಜ್ಯೋತ್ಸವದ ಸ್ಟೇಜ್ ಹಾಕ್ತೀವಿ.” ದನಿ ತಗ್ಗಿಸಿದರು. “ಜಾಗೃತ ನಾಗರಿಕರು ಅಂತ ಸ್ಟೇಜ್ ಮೇಲೆ ನಿಮಗೇ ಸನ್ಮಾನ. ಶಾಲು, ಹಾರ, ಪೇಟ. ಪೇಟದ ಸೈಜ್ ಹೇಳ್ಬಿಡಿ, ಹೋದ್ಸಲ ಒಬ್ರಿಗೆ ಕಣ್ಣಿನ ತನಕ ಇಳಿದುಬಿಡ್ತು.”

“ಸಾರ್, ದೂರು ವಾಪಸ್ ತಗೋತೀನಿ.”

ಫೈಲು ಬಿಚ್ಚಿದರು, ಪೆನ್ನು ತೆಗೆದರು. “ಆಗ್ಬಹುದು. ಕಾರಣ?”

“ಆ ಹುಲ್ಲು ಚೆನ್ನಾಗಿದೆ ಸಾರ್. ಸಂಜೆ ಬಿಸಿಲು ಬಿದ್ದಾಗ ಒಂದ್ಸಲ ಬಂದು ನೋಡಿ.”

ಪೆನ್ನಿನ ಕ್ಯಾಪು ಹಾಕಿದರು. “ಮೇಡಂ, ಚೆನ್ನಾಗಿದೆ ಅಂತ ನಾನು ಮಿನಿಟ್ಸಲ್ಲಿ ಬರೆಯೋಕಾಗುತ್ತಾ? ಏನಾದ್ರೂ ಕಾರಣ ಕೊಡಿ. ಓನರ್ ಒಪ್ಪಲಿಲ್ಲ ಅನ್ನಿ, ತಕ್ಷಣ ನಿಲ್ಲಿಸ್ತೀನಿ.”

ಸರಿ, ಓನರು. ಸೈಟಿನಲ್ಲಿ ತುಕ್ಕು ಹಿಡಿದ ತಗಡಿನ ಬೋರ್ಡಿತ್ತು. ‘ಈ ಸ್ವತ್ತು ಶಾಂತವೀರಪ್ಪ, ಕೊಬ್ಬರಿ ವ್ಯಾಪಾರಿಗಳು, ಅರಸೀಕೆರೆ, ಇವರಿಗೆ ಸೇರಿದ್ದು’, ಕೆಳಗೆ ನಂಬರು. ಹುಲ್ಲು ಸರಿಸಿ ನಂಬರು ಓದಿಕೊಂಡು ಬಂದು ಫೋನ್ ಮಾಡಿದೆ.

“ನಮಸ್ಕಾರ ಸಾರ್, ಬೆಂಗಳೂರಿಂದ ಮಾತಾಡ್ತಿರೋದು. ನಿಮ್ಮ ಸೈಟಿನ ವಿಷಯ…”

“ಮಾರಲ್ಲ.” ಇಟ್ಟೇಬಿಟ್ಟರು.

ಮತ್ತೆ ಮಾಡಿದೆ. “ಕೊಳ್ಳೋಕಲ್ಲ ಸಾರ್, ಅದರಲ್ಲಿರೋ ಹುಲ್ಲಿನ ವಿಷಯ.”

“ಹುಲ್ಲೂ ಮಾರಲ್ಲಮ್ಮ.”

“ಮಾರೋದು ಬೇಡ ಸಾರ್! ನಮ್ಮ ಸಂಘದ ಸೆಕ್ರೆಟರಿ ಅದನ್ನ ತೆಗೆಸ್ತಾರಂತೆ, ಒಪ್ಪಬೇಡಿ, ಹಾಗೇ ಬಿಡಿ ಅಂತ ಹೇಳೋಕೆ ಫೋನ್ ಮಾಡ್ದೆ.”

ಆ ಕಡೆ ಲಾರಿಗೆ ಮೂಟೆ ಹಾಕುವ ಸದ್ದು. “ಅದರಿಂದ ನಿಮಗೇನು ಲಾಭ?”

“ನೋಡೋಕೆ ಚೆನ್ನಾಗಿರುತ್ತೆ.”

“ನಿಮ್ಮ ಯಜಮಾನ್ರಿಗೆ ಫೋನ್ ಕೊಡಮ್ಮ.”

ನಮ್ಮ ಯಜಮಾನರು, ಚಿದಾನಂದ್ ಅಂತ, ಸೋಫಾದಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಫೋನು ಚಾಚಿದರೆ ಎರಡೂ ಕೈ ಆಡಿಸಿ, ನನ್ನನ್ನ ಎಳೀಬೇಡ ಅಂತ ಸನ್ನೆ ಮಾಡಿ ಬಚ್ಚಲಿಗೆ ಹೋಗಿಬಿಟ್ಟರು. ಅವರು ಮನೆಯಲ್ಲಿಲ್ಲ ಅಂತ ನಾನೇ ಹೇಳಬೇಕಾಯಿತು. ಕೊನೆಗೆ ಶಾಂತವೀರಪ್ಪನವರು, ಫೋಟೋ ಕಳಿಸಿ, ನೋಡಿ ಹೇಳುತ್ತೇನೆ ಅಂದರು. ಒಳ್ಳೆಯ ಮನುಷ್ಯ ಅಂದುಕೊಂಡೆ. ಇರುವುದರಲ್ಲೇ ಚೆನ್ನಾಗಿರುವ ಐದು ಆರಿಸಿ ಕಳಿಸಿದೆ. ಇಬ್ಬನಿಯದ್ದು, ಸಂಜೆಯದ್ದು, ಸಣ್ಣ ಕಂದು ಹಕ್ಕಿ ತೆನೆಯ ಮೇಲೆ ಕೂತು ತೆನೆ ಬಾಗಿದ್ದು.

ಅವರೇ ಫೋನ್ ಮಾಡಿದರು. “ಕಲ್ಲೆಲ್ಲಿ?”

“ಯಾವ ಕಲ್ಲು ಸಾರ್?”

“ನಾಲ್ಕು ಮೂಲೆಗೂ ಬಾಂದುಕಲ್ಲು ಹಾಕ್ಸಿದ್ದೆ. ಐದು ಫೋಟೋದಲ್ಲಿ ಒಂದೂ ಕಾಣ್ತಿಲ್ಲ. ಯಾರಮ್ಮ ಕಿತ್ತಿದ್ದು?”

“ಹುಲ್ಲೊಳಗೆ ಇರುತ್ತೆ ಸಾರ್.”

“ಹಂಗಾದ್ರೆ ಮೊದ್ಲು ಹುಲ್ಲು ತೆಗೆಸ್ಬೇಕು. ನೀವು ಹೇಳಿದ್ದು ಒಳ್ಳೇದಾಯ್ತು. ಆ ಸೆಕ್ರೆಟರಿ ನಂಬರ್ ಕಳಿಸಿ.”

ಹೀಗೆ, ಸಂಘದವರು ಬರೀ ಕೀಳುವವರಿದ್ದರು, ನಾನು ಫೋನ್ ಮಾಡಿ ಓನರ ಅಪ್ಪಣೆಯನ್ನೂ ಕೊಡಿಸಿದೆ.

“ನಿನ್ನ ಫೋಟೋದಲ್ಲೇ ತಪ್ಪಿದೆ,” ಅಂದರು ಚಿದಾನಂದ್, ಬಚ್ಚಲಿಂದ ಬಂದು ಮುಖ ಒರೆಸಿಕೊಳ್ಳುತ್ತ. “ಫೋಟೋ ಅಂದ್ರೆ ಒಬ್ಬ ಮನುಷ್ಯ ಇರ್ಬೇಕು. ಇಲ್ಲ ದೇವಸ್ಥಾನ ಇರ್ಬೇಕು. ಬರೀ ಹುಲ್ಲು ಹಾಕಿದ್ರೆ ಜನ ಏನಂತ ತಿಳ್ಕೋಬೇಕು?”

“ಹುಲ್ಲು ಅಂತ ತಿಳ್ಕೋಬೇಕು ರೀ!”

“ನೋಡು, ಕೂಗಾಡ್ತೀಯ.”

ಇಷ್ಟು ಸಾಲದು ಅಂತ ಶನಿವಾರ ಬೆಳಿಗ್ಗೆ ಮಷೀನಿನ ಮುಂದೆ ಕೂತು ತಲೆಯೆತ್ತಿದರೆ, ಎಡಗಡೆಯ ಎತ್ತರದ ಹುಲ್ಲಿನ ಪಟ್ಟಿಯೇ ಇಲ್ಲ. ಆ ಜಾಗದಲ್ಲಿ ನಾಗಲಕ್ಷ್ಮಮ್ಮ ಕೂತು ಕುಡುಗೋಲು ಆಡಿಸುತ್ತಿದ್ದಾರೆ. ಲೇಔಟು ಆಗುವ ಮೊದಲು ಇಲ್ಲೆಲ್ಲ ಹೊಲವಿದ್ದ ಕಾಲದಿಂದ ಕತ್ರಿಗುಪ್ಪೆಯ ಹಳೇ ಊರಿನವರು. ಮನೆಯಲ್ಲಿ ಎರಡು ಹಸು. ಖಾಲಿ ಸೈಟು ಹುಡುಕಿಕೊಂಡು ಹೊಸಕೆರೆಹಳ್ಳಿಯವರೆಗೂ ನಡೆಯುತ್ತಾರೆ.

ಟೇಪು ಕೊರಳಲ್ಲೇ ಇಟ್ಟುಕೊಂಡು ಓಡಿದೆ. “ಅಯ್ಯೋ ನಾಗಲಕ್ಷ್ಮಮ್ಮ, ಅದ್ನ ಯಾಕೆ ಕೊಯ್ದ್ರಿ? ಸಂಜೆ ಬಿಸಿಲು ಬೀಳೋದೇ ಅಲ್ಲಿ!”

“ಬಿಸ್ಲು ನೆಲದ ಮ್ಯಾಲೂ ಬೀಳ್ತದೆ ಕಣಮ್ಮ. ಬೀಳಬೇಡ ಅಂದ್ನಾ ನಾನು?” ತಲೆಯೆತ್ತಲೂ ಇಲ್ಲ. “ಮಳೆಗಾಲ್ದಲ್ಲಿ ಒಂದು ತಿಂಗ್ಳು ನೀನು ಇಲ್ಲೇ ಕುಕ್ಕರುಗಾಲಲ್ಲಿ ಕುಂತಿದ್ದೆ, ಪಾಪ ಫೋಟೋ ಹಿಡೀತವ್ಳೆ ಅಂತ ನಾನು ಆ ಕಡೆ ಹೋದೆ. ಈಗ ನೋಡು, ಬಲ್ತು ಕಡ್ಡಿ ಆಗೋಗದೆ. ಹಸ ಮೂಸಿ ನೋಡಿ ನನ್ನ ಮಕ ನೋಡ್ತದೆ. ನಿನ್ನ ಫೋಟೋ ಹಾಲು ಕೊಟ್ಟಾದಾ?”

“ನಾಳೆ ಜೆಸಿಬಿ ಬರುತ್ತೆ. ಬುಡಸಮೇತ ಹೋಗುತ್ತೆ ಎಲ್ಲಾ.”

ಆಗ ಕುಡುಗೋಲು ನಿಂತಿತು. “ಯಾರು ಕರ್ಸಿದ್ದು?”

ಏನಂತ ಹೇಳಲಿ? “ನಾನೇ,” ಅಂದೆ.

ನಾಗಲಕ್ಷ್ಮಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಓದಿರೋರ್ಗೆ ಏನು ಬೇಕೋ ಅವ್ರಿಗೇ ಗೊತ್ತಾಗಲ್ಲ,” ಅಂದು ಹೊರೆ ಕಟ್ಟಿಕೊಂಡು ಹೋದರು. ನಾನು ಓದಿರುವುದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲ.

ಭಾನುವಾರ ತಿಂಡಿಯ ಹೊತ್ತಿಗೆ ಜೆಸಿಬಿ ಬಂತು. ಅದನ್ನು ಓಡಿಸುವವನ ಹೆಸರು ಸೀನು, ಕಿವಿಯಲ್ಲಿ ಇಯರ್‌ಫೋನು. ಶಂಭುಲಿಂಗಪ್ಪನವರು ಫೈಲಿನ ಜೊತೆ, ಪದ್ಮಶ್ರೀ ಫ್ಲಾಸ್ಕಿನಲ್ಲಿ ಕಾಫಿಯ ಜೊತೆ, ಇನ್ನೂ ಆರೇಳು ಜನ. ದೂರುದಾರರು ಸ್ಥಳದಲ್ಲಿರಬೇಕು ಅಂತ ನನ್ನನ್ನು ಮುಂದಕ್ಕೆ ನಿಲ್ಲಿಸಿದರು. ನಾಗಲಕ್ಷ್ಮಮ್ಮನೂ ಬಂದು ಮೋರಿ ಕಟ್ಟೆಯ ಮೇಲೆ ಕೂತಿದ್ದರು, ನನ್ನ ಕಡೆ ನೋಡಲಿಲ್ಲ.

ಜೆಸಿಬಿ ರಸ್ತೆಯಿಂದ ಸೈಟಿಗೆ ಇಳಿಯಿತು. ಬಕೆಟ್ಟು ಹುಲ್ಲಿನ ಮೊದಲ ಸಾಲನ್ನು ಮಣ್ಣಿನ ಸಮೇತ ಹೆರೆದು ಪಕ್ಕಕ್ಕೆ ಹಾಕಿತು. ಬಕೆಟ್ಟಿನ ಹಲ್ಲಿಗೆ ಸಿಕ್ಕ ಬೇರುಗಳು ಬಿಳಿ ನೂಲಿನ ಹಾಗೆ ನೇತಾಡುತ್ತಿದ್ದವು. ಬಟ್ಟೆ ಕತ್ತರಿಸಿದರೆ ಮತ್ತೆ ಹೊಲಿಯಬಹುದು, ಇದನ್ನು ಹೇಗೆ ಹೊಲಿಯುವುದು?

ಎರಡನೇ ಸಾಲಿಗೆ ಬಕೆಟ್ಟು ಇಳಿಸುವ ಮೊದಲು ಸೀನು ಗಾಡಿ ನಿಲ್ಲಿಸಿದ. ಇಯರ್‌ಫೋನ್ ಕಿತ್ತ. ಕೆಳಗಿಳಿದು ಚಪ್ಪಲಿ ಬಿಟ್ಟ.

“ಸಾರ್, ಏನ್ ಸಾರ್ ಇದು! ಹುತ್ತ ಇದೆ ಅಂತ ಹೇಳ್ಬಾರ್ದಾ?”

ಎಲ್ಲರೂ ಬಗ್ಗಿದರು. ಹುಲ್ಲಿನ ನಡುವೆ ಮಂಡಿಯೆತ್ತರದ ಮಣ್ಣಿನ ಗುಪ್ಪೆ. ಮೇಲೆ ಗೆದ್ದಲು ಹಿಡಿದ ಕೆಂಪು ಮಣ್ಣು, ತುದಿ ಸ್ವಲ್ಪ ಬಾಗಿ ಮುಂದಕ್ಕೆ ಚಾಚಿದೆ.

ಅದು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಪಕ್ಕದ ಕಟ್ಟಡ ಕಟ್ಟುವಾಗ ಮಳೆಗೆ ನೆನೆದು ಗಟ್ಟಿಯಾದ ಎರಡು ಸಿಮೆಂಟ್ ಮೂಟೆಗಳನ್ನು ಒಂದರ ಮೇಲೊಂದು ಅಲ್ಲಿ ಎಸೆದಿದ್ದರು. ಮಣ್ಣು ಹಾರಿ ಬಂದು ಕೂತಿತು, ಗೆದ್ದಲು ಹತ್ತಿತು, ಹುಲ್ಲು ಸುತ್ತಿಕೊಂಡಿತು. ಅದಷ್ಟೂ ಆಗುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

“ನಾನು ಮುಟ್ಟಲ್ಲ,” ಅಂದ ಸೀನು. “ಹೋದ್ವರ್ಷ ನಮ್ಮ ಹುಡುಗ ಒಬ್ಬ ಹುತ್ತಕ್ಕೆ ಬಕೆಟ್ ತಾಗ್ಸಿದ. ಅದೇ ವಾರ ಗಾಡಿ ಹೈಡ್ರಾಲಿಕ್ ಪೈಪ್ ಒಡೀತು, ಅವ್ನ ಹೆಂಡ್ತಿ ತವ್ರಿಗೆ ಹೋದ್ಲು.”

“ಹೆಂಡ್ತಿ ಯಾಕಪ್ಪ ಹೋದ್ಲು?” ಅಂದರು ಶಂಭುಲಿಂಗಪ್ಪ.

“ಅದು ಬೇರೆ ವಿಷ್ಯ ಸಾರ್. ಆದ್ರೂ.”

ಪದ್ಮಶ್ರೀ ಆಗಲೇ ಫೋನ್ ತೆಗೆದು ಗ್ರೂಪಿನಲ್ಲಿ ನನ್ನ ಫೋಟೋ ಹಿಗ್ಗಿಸುತ್ತಿದ್ದಳು. “ಇಲ್ಲಿ ನೋಡಿ! ಸಂಗೀತಾ ಹಾಕಿದ್ ಫೋಟೋದಲ್ಲೇ ಇದೆ! ಹಿಂದುಗಡೆ ಬೆಳಕು ಹೆಂಗೆ ಬಂದಿದೆ ನೋಡಿ, ಹೆಡೆ ಎತ್ತಿದ ಹಾಗೇ ಇದೆ. ನಂಗೆ ಮೈ ಜುಮ್ಮಂತಿದೆ.” ಫೋನು ಕೈಯಿಂದ ಕೈಗೆ ಹೋಯಿತು. ಇಷ್ಟು ದಿನಕ್ಕೆ ಮೊದಲ ಸಲ ಜನ ನನ್ನ ಫೋಟೋವನ್ನು ನಿಧಾನವಾಗಿ, ಮೂಲೆ ಮೂಲೆಯನ್ನೂ ನೋಡಿದರು. ಒಬ್ಬರು ಕಣ್ಣಿಗೆ ಒತ್ತಿಕೊಂಡರು.

ನಾನು ಬಾಯಿ ತೆರೆದೆ. ಬಕೆಟ್ಟಿನಿಂದ ನೇತಾಡುತ್ತಿದ್ದ ಬೇರುಗಳನ್ನು ನೋಡಿದೆ. ಬಾಯಿ ಮುಚ್ಚಿಕೊಂಡೆ.

“ಮೊದಲೇ ಹೇಳ್ಬಾರ್ದಿತ್ತಾ ಮೇಡಂ?” ಶಂಭುಲಿಂಗಪ್ಪನವರ ದನಿ ಬದಲಾಗಿತ್ತು. “ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಿ. ಇದು ಕಾರಣ! ಇದನ್ನ ಬರ್ಕೋಬಹುದು.” ಬರೆದುಕೊಂಡರು. ಜೆಸಿಬಿ ವಾಪಸಾಯಿತು. ಸ್ಟೇಜು ರಸ್ತೆಯ ತುದಿಗೆ ಹೋಯಿತು. ಅರಸೀಕೆರೆಗೆ ಫೋನ್ ಹೋಯಿತು, ಶಾಂತವೀರಪ್ಪನವರೂ ನಾಗಪ್ಪನ ತಂಟೆ ಬೇಡ ಅಂದರಂತೆ, ಕಲ್ಲು ಇದ್ದಲ್ಲೇ ಇರಲಿ ಅಂದರಂತೆ.

ಗೆದ್ದೆ ಅಂದುಕೊಂಡೆ. ಒಂದು ಸಂಜೆ ಮಾತ್ರ ನೆಮ್ಮದಿಯಾಗಿ ಫೋಟೋ ತೆಗೆದೆ.

ಮಾರನೆಯ ದಿನ ಬೆಳಿಗ್ಗೆ ಹುಲ್ಲಿನ ನಡುವೆ ಒಂದು ಕಾಲುದಾರಿ ಬಿದ್ದಿತ್ತು. ಮಧ್ಯಾಹ್ನಕ್ಕೆ ಅದು ಅಗಲವಾಯಿತು. ಪಕ್ಕದ ಕ್ರಾಸಿನವರೂ ಬಂದರು. ಅರಿಶಿನ, ಕುಂಕುಮ, ಹಾಲಿನ ಪ್ಯಾಕೆಟ್ಟು, ಹಾಲು ಸುರಿದ ಮೇಲೆ ಅಲ್ಲೇ ಬಿಟ್ಟ ಪ್ಯಾಕೆಟ್ಟು. ಇಬ್ಬನಿಯ ಬಲೆಗಳು ಹೋದವು. ಸಣ್ಣ ಕಂದು ಹಕ್ಕಿಗಳು ಬರುವುದನ್ನು ಬಿಟ್ಟವು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಜೆಸಿಬಿ ಒಂದೇ ಏಟಿಗೆ ಮಾಡುವುದನ್ನು ಇವರು ಭಕ್ತಿಯಿಂದ, ನಿಧಾನವಾಗಿ ಮಾಡುತ್ತಿದ್ದರು. ಮಷೀನಿನ ಮುಂದೆ ಕೂತು ಹಲ್ಲು ಕಡಿದೆ. ಒಬ್ಬರ ಬ್ಲೌಸಿಗೆ ಎರಡೂ ಬಲತೋಳು ಹೊಲಿದುಬಿಟ್ಟೆ.

“ಈಗ ದೇವಸ್ಥಾನ ಬಂತಲ್ಲ,” ಅಂದರು ಚಿದಾನಂದ್. “ಈಗ ತೆಗಿ ಫೋಟೋ.”

ಮಂಗಳವಾರ ಸಂಜೆ ಪದ್ಮಶ್ರೀ ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿದಳು. ಕಿಟಕಿಯಿಂದ ನೋಡಿದೆ. ಗಾಳಿ ಬೀಸಿತು, ಎಲೆ ಮಗುಚಿತು. ಹಣ್ಣಾದ ಹುಲ್ಲಿಗೆ ಇನ್ನೇನು ಬೇಕು? ನಾನು ಕೂಗುತ್ತ ಹೊರಗೆ ಓಡಿದೆ, ಬಾಗಿಲಲ್ಲಿ ಸೀರೆ ನೆನೆಸಿಟ್ಟಿದ್ದ ಬಕೆಟ್ಟನ್ನು ಸೀರೆಯ ಸಮೇತ ಎತ್ತಿಕೊಂಡೆ. ನಾನು ತಲುಪುವಷ್ಟರಲ್ಲಿ ಚಾಪೆಯಗಲ ಹುಲ್ಲು ಚಟಪಟ ಉರಿಯುತ್ತಿತ್ತು. ರಸ್ತೆಯಲ್ಲಿ ಹೊರೆ ಹೊತ್ತು ಹೋಗುತ್ತಿದ್ದ ನಾಗಲಕ್ಷ್ಮಮ್ಮ ಹೊರೆ ಒಗೆದು ಬಂದು, ನನ್ನ ಬಕೆಟ್ಟಿನಿಂದ ಒದ್ದೆ ಸೀರೆ ಸೆಳೆದು ಬಡಿದು ಬಡಿದು ಆರಿಸಿದರು. ಅದು ಗಿರಾಕಿಯ ಸೀರೆ. ಅದರ ಕಥೆ ಬೇರೆ.

ಹೊಗೆ ನೋಡಿ ಶಂಭುಲಿಂಗಪ್ಪನವರು ಬಂದರು. ನನಗೆ ಇನ್ನು ತಡೆಯಲಾಗಲಿಲ್ಲ.

“ಇದು ಹುತ್ತ ಅಲ್ಲ! ಸಿಮೆಂಟ್ ಮೂಟೆ! ಪಕ್ಕದ ಬಿಲ್ಡಿಂಗ್‌ನೋರು ಎಸೆದಿದ್ದು! ನಾನೇ ಕಣ್ಣಾರೆ ನೋಡಿದ್ದೀನಿ!”

“ಹಾಗೆಲ್ಲ ಅನ್ಬೇಡಿ ಸಂಗೀತಾ,” ಪದ್ಮಶ್ರೀ ಕೆನ್ನೆ ಬಡಿದುಕೊಂಡಳು. “ಬಿಡ್ತು ಅನ್ನಿ.”

“ಏನು ಬಿಡ್ತು ಅನ್ನೋದು? ಕುಟ್ಟಿ ನೋಡಿ ಸಾರ್!”

ಶಂಭುಲಿಂಗಪ್ಪನವರು ಬಗ್ಗಿ ಬೆರಳಿನ ಗೆಣ್ಣಿನಿಂದ ಕುಟ್ಟಿದರು. ಠಣ್ ಅಂತು. ಪದ್ಮಶ್ರೀ ಹೂವಿನ ಬುಟ್ಟಿ ಎತ್ತಿಕೊಂಡು ಮುಖ ಊದಿಸಿಕೊಂಡು ಹೊರಟುಹೋದಳು. ಶಂಭುಲಿಂಗಪ್ಪನವರು ಮಣ್ಣು ಕೆರೆದರು, ಕೆಳಗೆ ಮೂಟೆಯ ನೇಯ್ಗೆಯ ಗುರುತು ಅಚ್ಚೊತ್ತಿದ ಹಾಗೆ ಕಂಡಿತು. ಆಮೇಲೆ ಕೆರೆದ ಮಣ್ಣನ್ನು ಮೆಲ್ಲಗೆ ಮತ್ತೆ ಮೆತ್ತಿದರು.

“ಮಿನಿಟ್ಸ್ ಆಗೋಗಿದೆ ಮೇಡಂ,” ಅಂದರು. “ಓನರ್‌ಗೆ ತಿಳಿಸಿ ಆಗಿದೆ. ಸ್ಟೇಜ್ ಶಿಫ್ಟ್ ಆಗಿದೆ. ಈಗ ಸೆಕ್ರೆಟರಿ ಹೋಗಿ ಸಿಮೆಂಟು ಅಂದ್ರೆ ಈ ಕ್ರಾಸಲ್ಲಿ ನಾನು ಓಡಾಡೋದು ಬೇಡ್ವಾ?”

ನಾಗಲಕ್ಷ್ಮಮ್ಮ ಸೆರಗಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ ನಕ್ಕರು. “ನಂಗೆ ಯಾವಾಗಿಂದ್ಲೋ ಗೊತ್ತು ಬುಡು. ಅದ್ರ ಹಿಂದುಗಡೆ ನೋಡು, ಕುಡ್ಲು ಮಸ್ದು ಮಸ್ದು ನುಣ್ಣಗೆ ಆಗೈತೆ.”

“ಗೊತ್ತಿದ್ರೂ ಭಾನುವಾರ ಯಾಕೆ ಸುಮ್ನಿದ್ರಿ?”

“ನೀನ್ಯಾಕೆ ಸುಮ್ಕಿದ್ದೆ?”

ನಾನು ಬಗ್ಗಿ ಮಸಿಯಾದ ಸೀರೆಯನ್ನು ಬಕೆಟ್ಟಿಗೆ ತುಂಬಿದೆ.

ಶಂಭುಲಿಂಗಪ್ಪನವರು ಫೈಲು ಸರಿಮಾಡಿಕೊಂಡರು. “ಅದೇನೇ ಇರ್ಲಿ. ಇವತ್ತು ಬೆಂಕಿ ಬಿದ್ದಿದೆ. ಇದು ಸೇಫ್ಟಿ ವಿಷಯ. ಹುತ್ತ ಮುಟ್ಟದ ಹಾಗೆ ಆಳು ಬಿಟ್ಟು ಗುದ್ದಲೀಲಿ ಪೂರ್ತಿ ಕೀಳಿಸ್ತೀನಿ. ನಾಳೇನೇ.”

ಸೈಟಿನ ಮಧ್ಯೆ ನಿಂತಿದ್ದೆ. ಕರಕಲು ವಾಸನೆ, ಕಾಲ ಕೆಳಗೆ ಹಾಲಿನ ಪ್ಯಾಕೆಟ್ಟು. ಬೇಡಿಕೊಳ್ಳಲೂ ಬೇಸರವಾಗಿ ಹೋಗಿತ್ತು. ಇನ್ನು ಯಾರಿಗೆ ಏನಂತ ಹೇಳುವುದು?

“ಗುದ್ದಲಿ ಯಾಕೆ?” ಅಂದರು ನಾಗಲಕ್ಷ್ಮಮ್ಮ. “ಕಿತ್ರೆ ಮುಂದಿನ್ ವರ್ಷ ಪಾರ್ಥೇನಿಯಂ ಬತ್ತದೆ, ಅದ್ರ ಗಾಳೀಗೆ ಮಕ್ಳಿಗೆಲ್ಲ ಕೆಮ್ಮು. ನಾನು ಕೊಯ್ಕೊಡ್ತೀನಿ. ಈ ಹುತ್ತದ ಸುತ್ತ, ಮನೆ ಗೋಡೆ ಸುತ್ತ, ರಸ್ತೆ ಕಡೆ. ಬೆಂಕಿ ದಾಟಲ್ಲ. ಕರ್ಪೂರ ಮೋರಿ ಕಟ್ಟೆ ಮ್ಯಾಲೆ ಹಚ್ಕೊಳ್ಲಿ. ನಿಮ್ಗೆ ಆಳಿನ ಕೂಲೀನೂ ಉಳೀತು.”

“ಉಳಿದಿದ್ದು?” ಅಂದರು ಶಂಭುಲಿಂಗಪ್ಪ.

“ಉಳಿದಿದ್ದು ನಿಂತಿರ್ಲಿ. ಇವಮ್ಮ ಫೋಟೋ ಹಿಡ್ಕೊಳ್ಲಿ.”

ಕೂಲಿ ಉಳಿಯಿತು ಅನ್ನುವುದನ್ನು ಬರೆದುಕೊಳ್ಳಬಹುದಿತ್ತು. ಶಂಭುಲಿಂಗಪ್ಪನವರು ಬರೆದುಕೊಂಡರು. “ಸನ್ಮಾನ ಮಾತ್ರ ತಪ್ಪಿಸ್ಕೋಬೇಡಿ ಮೇಡಂ, ಪೇಟ ಬಂದುಬಿಟ್ಟಿದೆ,” ಅಂದು ಹೋದರು.

ಮಾರನೆಯ ಸಂಜೆ ನಾಗಲಕ್ಷ್ಮಮ್ಮ ಬಂದರು. ನಾನೂ ಹೋದೆ, ಯಾಕೆಂದರೆ ಎಲ್ಲಿಯವರೆಗೆ ಕೊಯ್ಯುತ್ತಾರೆ ಅನ್ನುವುದನ್ನು ನಂಬುವ ಹಾಗಿರಲಿಲ್ಲ.

“ಇಲ್ಲಿವರ್ಗೆ ಸಾಕು.”

“ಸಾಕು ಅನ್ನೋಕೆ ನಿನ್ಗೆ ಬೆಂಕಿ ಗೊತ್ತಾ? ಇನ್ನೊಂದು ಮಾರು.”

“ಒಂದು ಮಾರೆಲ್ಲ ಬೇಡ. ಆ ತೆನೆ ಬಾಗಿರೋದು ಬಿಡಿ.”

“ಬಲ್ತಿರೋದು ನಿನ್ಗೆ, ಎಳೇದು ನನ್ಗೆ. ಆಯ್ತಾ? ಅಲ್ಲಿ ಬುಡ್ದಾಗೆ ಹಸ್ರು ಐತೆ ನೋಡು, ಅದು ನಂದು.”

“ಅದನ್ನ ತೆಗೆದ್ರೆ ಮೇಲಿನದು ಬಿದ್ದುಹೋಗುತ್ತೆ!”

“ಬೀಳಲ್ಲ ಕಣಮ್ಮ. ಕೊಯ್ದ್ರೆ ಮತ್ತೆ ಬತ್ತದೆ. ಕೊಯ್ಯದೆ ಬುಟ್ರೇನೆ ಸಾಯೋದು.”

ನಮ್ಮೂರ ಕಾವಲಿನಲ್ಲಿ ದಿನವೂ ಸಾವಿರ ದನ ಮೇಯುತ್ತಿದ್ದವು ಅನ್ನುವುದು ನನಗೆ ಆಗ ನೆನಪಾಯಿತು. ಮೇಯ್ದಷ್ಟೂ ಹುಲ್ಲು ಬರುತ್ತಿತ್ತು. ಹೇಳಿದರೆ ಇವರು ಇನ್ನೊಂದು ಮಾರು ಮುಂದೆ ಬರುತ್ತಾರೆ ಅಂತ ಹೇಳಲಿಲ್ಲ.

ಕೊಯ್ದ ಜಾಗದಲ್ಲಿ ಬಗ್ಗಿ ಕೂತೆ. ಇದುವರೆಗೆ ಹುಲ್ಲನ್ನು ರಸ್ತೆಯಿಂದ ನೋಡಿದ್ದೆ, ಕಿಟಕಿಯಿಂದ ನೋಡಿದ್ದೆ. ಈಗ ನಿಂತ ಹುಲ್ಲಿನ ಅಂಚು ಕತ್ತರಿಸಿದ ಬಟ್ಟೆಯ ಅಂಚಿನ ಹಾಗೆ ಕಣ್ಣೆದುರಿಗೆ ಬಿಚ್ಚಿಕೊಂಡಿತ್ತು. ಬುಡದಲ್ಲಿ ಹಸಿರು, ನಡುವೆ ಕಂಚು, ತುದಿಯಲ್ಲಿ ಬೆಳ್ಳಿ. ಒಳಗೆ ಯಾವುದೋ ಹುಳ ಕಿರ್ ಅನ್ನುತ್ತಿತ್ತು. ಬಿಸಿಲು ಕಟ್ಟಡಗಳ ಸಂದಿಯಿಂದ ನುಗ್ಗಿ ನಾಗಲಕ್ಷ್ಮಮ್ಮನ ಬಾಗಿದ ಬೆನ್ನಿನ ಮೇಲೆ, ಕುಡುಗೋಲಿನ ಬಾಯಿಯ ಮೇಲೆ, ಅವರ ಕಾಲಬಳಿಯ ಹೊರೆಯ ಮೇಲೆ ಬಿತ್ತು. ಫೋನ್ ತೆಗೆದೆ.

“ಸ್ವಲ್ಪ ಹಾಗೇ ಇರಿ ನಾಗಲಕ್ಷ್ಮಮ್ಮ.”

“ಹಂಗೇ ಇರಕ್ಕೆ ನಾನೇನು ಗೊಂಬೆನಾ? ಅದ್ನ ಇಟ್ಟು ಬಾ ಇಲ್ಲಿ, ಹೊರೆ ಎತ್ತು.”

“ಒಂದೇ ನಿಮಿಷ, ಬೆಳಕು ಹೋಗಿಬಿಡುತ್ತೆ.”

“ಹಸ ಅರಚ್ತಾ ಇರ್ತದೆ ಮನೇಲಿ. ಬಾರಮ್ಮ ಅಂದ್ರೆ!”

ಫೋನನ್ನು ರವಿಕೆಗೆ ಸಿಕ್ಕಿಸಿಕೊಂಡು ಹೋದೆ. ಹೊರೆ ನಾನು ಅಂದುಕೊಂಡದ್ದಕ್ಕಿಂತ ಎರಡು ಪಟ್ಟು ಭಾರ. ಇಬ್ಬರೂ ಸೇರಿ ಎತ್ತುವಾಗ ಅರ್ಧ ಹುಲ್ಲು ನನ್ನ ಕುತ್ತಿಗೆಯೊಳಗೆ ಸುರಿಯಿತು. ಅವರ ತಲೆಯ ಮೇಲೆ ಕೂರಿಸಿ ಹಿಂದಕ್ಕೆ ಸರಿದು ನೋಡಿದರೆ ಬಿಸಿಲು ಆಗಲೇ ಮೂರನೇ ಮಹಡಿಗೆ ಹತ್ತಿಬಿಟ್ಟಿತ್ತು.

“ನೋಡಿ, ಹೋಯ್ತು!” ಅಂದೆ, ಕುತ್ತಿಗೆ ಕೆರೆದುಕೊಳ್ಳುತ್ತ.

“ಎಲ್ಗೋದಾದು? ನಾಳೆ ಬತ್ತದೆ,” ಅಂದು ನಾಗಲಕ್ಷ್ಮಮ್ಮ ಹೊರೆ ಹೊತ್ತು ನಡೆದರು. “ನಾನೂ ಬತ್ತೀನಿ. ಗೋಡೆ ಕಡೀದು ಇನ್ನೂ ಐತೆ.”